ವೀಳ್ಯ ಕೊಟ್ಟ ಪಾತ್ರ

ಯಾರೋ ಬಾಗಿಲು ಬಡಿದರು.

ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಆಗಷ್ಟೇ ಒಮ್ಮೆಗೇ ನಿಂತಿದ್ದವು. ಹೊತ್ತುಗೊತ್ತಿಲ್ಲದೆ ಪಟಪಟ ಎನ್ನುವ ದೊಡ್ಡಬಳ್ಳಾಪುರದಲ್ಲಿ ಅಂಥ ನಿಶ್ಶಬ್ದ ಬಿದ್ದಾಗ ಸಣ್ಣ ಸದ್ದೂ ಮನೆಯೊಳಗೇ ಆದಂತೆ ಕೇಳಿಸುತ್ತದೆ. ಕನ್ನಡಿಯ ಮುಂದೆ ನಿಂತು ಮರುದಿನದ ಹಾಡನ್ನು ಗುನುಗುತ್ತಿದ್ದ ರಮ್ಯಶ್ರೀ ಬೆಚ್ಚಿ ತಿರುಗಿದಳು. ಅತ್ತೆ ಲಕ್ಷ್ಮೀದೇವಮ್ಮ ಮೊಬೈಲಿನ ಬೆಳಕು ಹಿಡಿದು ಚಿಲಕ ತೆಗೆದರು.

ಬಂದವನು ಹೊಸ್ತಿಲ ಬಳಿ ನಿಂತಿರಲಿಲ್ಲ. ಬಾಗಿಲು ಬಡಿದು ಮತ್ತೆ ಗೇಟಿನವರೆಗೆ ಹಿಂದೆ ಸರಿದಿದ್ದ. ತಲೆಯ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ಬೀದಿಯಲ್ಲಿ ಅವನ ಬೈಕು ಇನ್ನೂ ಗುಡುಗುಡು ಎನ್ನುತ್ತಿತ್ತು.

“ಲಕ್ಷ್ಮೀದೇವಮ್ಮನೋರ ಮನೆ ಇದೇನಾ?”

“ಹೂಂ ಕಣಪ್ಪ. ಯಾರು ನೀನು? ಒಳಕ್ ಬಾ.”

“ಬರಂಗಿಲ್ಲಮ್ಮ. ಆವತಿ ಆಂಜಿನಪ್ಪನೋರು ಹೋಗ್ಬಿಟ್ರಂತೆ. ನಿಮಗ್ ತಿಳ್ಸಿ ಬಾ ಅಂದ್ರು.”

“ಅಯ್ಯೋ! ಯಾವಾಗಪ್ಪಾ? ಏನಾಗಿತ್ತು?”

ಉತ್ತರ ಬರುವ ಮೊದಲೇ ಬೈಕು ಬೀದಿಯ ತಿರುವು ದಾಟಿತ್ತು. ಸಾವಿನ ಸುದ್ದಿ ತಂದವನು ಮನೆಯೊಳಗೆ ಬರುವುದಿಲ್ಲ, ಕೂರುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಹಾಗಾಗಿ ಅವನು ನಿಲ್ಲದೆ ಹೋದದ್ದು ಇಬ್ಬರಿಗೂ ವಿಚಿತ್ರವೆನಿಸಲಿಲ್ಲ.

ಆಂಜಿನಪ್ಪ ಲಕ್ಷ್ಮೀದೇವಮ್ಮನ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ಆ ವಂಶಕ್ಕೆ ಉಳಿದ ಒಬ್ಬನೇ ಹಿರಿಯ. ಲಕ್ಷ್ಮೀದೇವಮ್ಮ ಬಚ್ಚಲಿಗೆ ನಡೆದು ಹಂಡೆಯಿಂದ ನೀರು ತೋಡಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಸುರಿದುಕೊಂಡರು. ಅನಂತರ ಚೊಂಬು ತುಂಬಿ ಸೊಸೆಯ ಎದುರು ನಿಂತರು.

“ಅತ್ತೆ, ಒಂದ್ಸಲ ಫೋನ್ ಮಾಡಿ ಕೇಳಣ. ಆಮೇಲೆ...”

“ಕಿವಿಗ್ ಬಿದ್ಮೇಲೆ ಒಣ ತಲೇಲಿ ನಿಂತ್ಕೋಬಾರ್ದು ಕಣೇ. ಬಗ್ಗು.”

ನೀರು ತಣ್ಣಗಿತ್ತು. ಅದು ನೆತ್ತಿಯಿಂದ ಕೊರಳಿಗಿಳಿಯುತ್ತಿದ್ದಾಗ ರಮ್ಯಶ್ರೀ ಲೆಕ್ಕ ಹಾಕುತ್ತಿದ್ದದ್ದು ಒಂದನ್ನೇ: ಹನ್ನೊಂದು ದಿನದ ಸೂತಕ, ನಾಟಕ ನಾಳೆ.

ಊರಿನ ಹೆಂಗಸರೇ ಸೇರಿ ಆಡುತ್ತಿದ್ದ ಪೌರಾಣಿಕ ನಾಟಕವದು. ಭೀಮನಿಂದ ಶಕುನಿಯವರೆಗೆ ಎಲ್ಲ ಪಾತ್ರಗಳೂ ಹೆಂಗಸರವೇ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗಳ ಹೊಲಿಗೆ ಪರೀಕ್ಷಿಸುವ ರಮ್ಯಶ್ರೀಗೆ ಕೃಷ್ಣನ ಪಾತ್ರ ಬಂದಿತ್ತು. ಆರು ತಿಂಗಳಿನಿಂದ ಅವಳು ಕಾಲರುಗಳನ್ನೂ ಕಾಜಾಗಳನ್ನೂ ನೋಡುತ್ತಲೇ ಕೃಷ್ಣನ ಮಾತುಗಳನ್ನು ತುಟಿಯೊಳಗೆ ಆಡಿಕೊಂಡಿದ್ದಳು. ಬೇರೆ ಪಾತ್ರವಾಗಿದ್ದರೆ ಹೇಗಾದರೂ ಆಗುತ್ತಿತ್ತು. ಇದು ದೇವರ ಪಾತ್ರ. ಸೂತಕದ ಕೈ ಆ ಕಿರೀಟವನ್ನು ಮುಟ್ಟುವಂತಿರಲಿಲ್ಲ.

ಆವತಿಗೆ ಫೋನು ಹೋಗಲಿಲ್ಲ. ಆಂಜಿನಪ್ಪನದು ಸ್ವಿಚ್ ಆಫ್. ಅವರ ಮಗ ಬೈರೇಶ್ ಲಾರಿಯೊಂದಿಗೆ ಚಿತ್ತೂರಿನ ಆಚೆ ಎಲ್ಲೋ ಇದ್ದ, ಅವನದೂ ಸಿಗಲಿಲ್ಲ. ರಮ್ಯಶ್ರೀಯ ಗಂಡ ವೇಣುಗೋಪಾಲ ಸೋಂಪುರದ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ; ಅಲ್ಲಿ ಮೊಬೈಲನ್ನು ಗೇಟಿನಲ್ಲೇ ಇರಿಸಿಕೊಳ್ಳುತ್ತಾರೆ. ಕೊನೆಗೆ ಅವಳು ಹಾರ್ಮೋನಿಯಂ ಮೇಷ್ಟ್ರು ಮುನಿವೆಂಕಟಪ್ಪನವರಿಗೆ ಫೋನು ಮಾಡಿದಳು. ನಾಟಕ ಕಲಿಸಿದವರು ಅವರು.

“ಮೇಷ್ಟ್ರೇ, ಮನೇಲಿ ಸೂತಕ ಆಗೋಯ್ತು.” ಎನ್ನುತ್ತಲೇ ಅವಳು ಅತ್ತಳು.

“ನಮ್ ಕೈಲಿ ಏನೈತಮ್ಮ? ಅಳ್ಬೇಡ. ಸಿಂಚನಂಗೆ ಮಾತೆಲ್ಲಾ ಬಾಯಿಗ್ ಬರ್ತವೆ, ಅವಳು ನಿಭಾಯಿಸ್ತಾಳೆ. ನೀನು ಹೋಗಿ ಮಲಕ್ಕೋ.”

ಸಿಂಚನ ಡಿಗ್ರಿ ಓದುತ್ತಿದ್ದ ಹುಡುಗಿ. ಪರದೆಯ ಪಕ್ಕದಲ್ಲಿ ನಿಂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ ಅವಳದು.

ಬೆಳಕು ಹರಿಯುವ ಮುನ್ನವೇ ಅತ್ತೆ ಸೊಸೆ ಬಸ್ಸು ಹಿಡಿದರು. ದೇವನಹಳ್ಳಿಯಲ್ಲಿ ಇಳಿದು ಒಂದು ಗುಲಾಬಿ ಹಾರ ಕೊಂಡು, ಬಸ್ಸು ಬದಲಿಸಿ ಆವತಿ ಸೇರುವಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಆಂಜಿನಪ್ಪನ ಮನೆಯ ಮುಂದೆ ಶಾಮಿಯಾನ ಇರಲಿಲ್ಲ. ಬೆಂಕಿ ಇರಲಿಲ್ಲ. ಜನ ಇರಲಿಲ್ಲ. ಜಗಲಿಯ ಮೇಲೆ ಒಬ್ಬ ಮುದುಕ ಕಾಲು ಇಳಿಬಿಟ್ಟು ಕೂತು, ಲೋಟದ ಕಾಫಿಯನ್ನು ಊದಿ ಊದಿ ಕುಡಿಯುತ್ತಿದ್ದ.

ಆಂಜಿನಪ್ಪ ತಲೆಯೆತ್ತಿ ತಮ್ಮನ ಹೆಂಡತಿಯನ್ನು ನೋಡಿದರು. ಆಕೆಯ ಕೈಯಲ್ಲಿದ್ದ ಕವರನ್ನೂ ನೋಡಿದರು.

“ಏನ್ ಲಕ್ಷ್ಮೀದೇವಮ್ಮ, ಹೊತ್ತಾರೇನೇ ಹಾರ ತಂದಿದೀಯ? ಯಾವ್ ದೇವ್ರಿಗೆ?”

“ನಿಮಗೇ ಭಾವ!” ಎಂದ ಲಕ್ಷ್ಮೀದೇವಮ್ಮ ಜಗಲಿಯ ಅಂಚು ಹಿಡಿದು ಕುಸಿದು ಕೂತರು. ಅಳುವೋ ನಗುವೋ ತಿಳಿಯದ ಸದ್ದೊಂದು ಅವರ ಬಾಯಿಂದ ಬಂತು.

ವಿಷಯವೆಲ್ಲ ಕೇಳಿದ ಮೇಲೆ ಆಂಜಿನಪ್ಪ ಕಾಫಿ ಚೆಲ್ಲುವಂತೆ ನಕ್ಕರು. “ರಾತ್ರಿಯೆಲ್ಲಾ ನನಗೋಸ್ಕರ ಅತ್ತಾ? ಇರೋವಾಗ ಒಂದ್ ದಿನ ಬಂದು ಮುಖ ನೋಡ್ಲಿಲ್ಲ ನೀನು!”

“ನಗ್ಬೇಡಿ ಭಾವ. ಕಾಗೆ ಗೀಗೆ ಮುಟ್ತಾ ನಿಮ್ಮನ್ನ?”

ಕಾಗೆ ತಲೆಗೆ ಬಡಿದರೆ ದೋಷ. ಬಡಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ನೆಂಟರು ನಿಜವೆಂದೇ ನಂಬಿ ಅತ್ತರೆ ದೋಷ ಕಳೆದು ಆಯಸ್ಸು ಹೆಚ್ಚುತ್ತದೆ. ಈ ಸೀಮೆಯ ಹಳೆಯ ಪದ್ಧತಿಯದು. ಬೆಳಗಾದ ಮೇಲೆ ಸುದ್ದಿ ಕಳಿಸಿದವರೇ ನಿಜ ತಿಳಿಸುತ್ತಾರೆ. ಯಾರೂ ಸಿಟ್ಟಾಗುವುದಿಲ್ಲ.

“ಯಾವ್ ಕಾಗೇನೂ ಮುಟ್ಟಿಲ್ಲ. ನಮ್ಮನೆಯಿಂದ ಯಾರೂ ಯಾರನ್ನೂ ಕಳ್ಸಿಲ್ಲ,” ಎಂದರು ಆಂಜಿನಪ್ಪ. ಅವರ ನಗು ನಿಂತಿತ್ತು. “ಫೋನಾ? ಸಂಜೆ ಆದ್ರೆ ಆಫ್ ಮಾಡ್ಬುಡ್ತೀನಿ. ಲೋನ್ ಬೇಕಾ ಲೋನ್ ಬೇಕಾ ಅಂತ ಪ್ರಾಣ ತಿಂತವೆ. ಅಲ್ಲ, ನನ್ನ ಸಾಯ್ಸಿದ್ರೆ ಯಾರಿಗೇನ್ ಲಾಭ?”

ರಮ್ಯಶ್ರೀಗೆ ಉತ್ತರ ಹೊಳೆದಿತ್ತು. ನಾಟಕದ ದಿನ ಅವಳನ್ನು ಸೂತಕದಲ್ಲಿ ಕೂರಿಸುವುದೇ ಯಾರಿಗೋ ಬೇಕಾಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಲಕ್ಷ್ಮೀದೇವಮ್ಮ ಕಿಟಕಿಯ ಪಕ್ಕ ಕೂತರು. ಸೊಸೆ ಬಣ್ಣ ಹಚ್ಚುತ್ತಾಳೆಂದು ಮೂಗು ಮುರಿದ ನೆಂಟರಿಗೆಲ್ಲ ಉತ್ತರ ಕೊಟ್ಟವರು ಅವರೇ. ಚಿಕ್ಕಂದಿನಲ್ಲಿ ಗಾಡಿ ಕಟ್ಟಿಸಿಕೊಂಡು ನಾಟಕ ನೋಡಲು ಹೋಗುತ್ತಿದ್ದವರಿಗೆ, ಮನೆಯಿಂದಲೇ ಒಬ್ಬ ಕೃಷ್ಣ ಹೊರಡುವುದು ಒಳಗೊಳಗೇ ಹೆಮ್ಮೆಯಾಗಿತ್ತು. ದೊಡ್ಡಬಳ್ಳಾಪುರದ ಮನೆಗಳು ಕಾಣತೊಡಗಿದಾಗ ಅವರು ಸೊಸೆಯ ಕಡೆ ತಿರುಗಿದರು.

“ಸೂತಕ ಇಲ್ಲ. ಸರಿ. ಆದ್ರೆ ಇದ್ಯಾರ್ ಕೆಲ್ಸ ಅಂತ ಗೊತ್ತಾಗೋಗಂಟ ನೀನು ಕಿರೀಟ ಇಕ್ಕಂಗಿಲ್ಲ.”

“ಅತ್ತೆ! ನಾಟಕ ಇವತ್ತೇ.”

“ಗೊತ್ತು ಕಣೇ. ಎದುರಿಗ್ ನಿಂತ್ಕೊಂಡು ಬೈಯೋನಿಗೆ ನಾನ್ ಹೆದರಲ್ಲ. ಕತ್ಲಲ್ಲಿ ಬಂದು ಸಾವು ಕಳ್ಸೋನಿಗೆ ಹೆದರ್ತೀನಿ. ಇವತ್ತು ಸುಳ್ಳು ಸಾವು ಕಳ್ಸಿದೋನು ನಾಳೆ ನಿಜವಾದ್ದು ಮಾಡ್ಸಲ್ಲ ಅಂತ ಏನ್ ಗ್ಯಾರಂಟಿ? ನನ್ನ ಮಗ ರಾತ್ರಿ ಪಾಳಿ ಮುಗಿಸ್ಕೊಂಡು ಒಬ್ಬನೇ ಬೈಕಲ್ಲಿ ಬರ್ತಾನೆ.” ಅವರು ಮುಖ ತಿರುಗಿಸಿದರು. “ನಡಿ, ಹುಡುಕಣ. ಸಾಯಂಕಾಲದೊಳಗೆ ಸಿಕ್ಕಿದ್ರೆ ನಾನೇ ಇಕ್ಕಿ ಕಳುಸ್ತೀನಿ.”

ಡಿ ಕ್ರಾಸ್ ನಿಲ್ದಾಣದಲ್ಲಿ ಬಸ್ಸಿಳಿದ ಕೂಡಲೇ ರಮ್ಯಶ್ರೀಗೆ ತನ್ನ ಮುಖವೇ ಎದುರಾಯಿತು. ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ನವಿಲುಗರಿ ಮುಡಿದು ಕೊಳಲು ಹಿಡಿದು ನಿಂತಿದ್ದಳು. ಮೇಲೆ ಮೇಷ್ಟ್ರ ಭಾವಚಿತ್ರ ಇನ್ನೂ ದೊಡ್ಡದಾಗಿತ್ತು. ಇದು ಅವರ ಕೊನೆಯ ನಾಟಕ. ಇದಾದ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚುತ್ತೇನೆಂದು ಅವರೇ ಘೋಷಿಸಿದ್ದರು. ನೆಲಮಂಗಲದಿಂದ ಹೊಸಕೋಟೆಯವರೆಗೆ ಅವರ ಕೈಯಲ್ಲಿ ಪಳಗಿದ ಭೀಮ ದುರ್ಯೋಧನರೆಲ್ಲ ಇಂದು ಬಂದು ಮುಂದಿನ ಸಾಲಿನಲ್ಲಿ ಕೂರುವವರಿದ್ದರು.

ಮದುವೆಯಾಗಿ ಬಂದ ಎಷ್ಟೋ ವರ್ಷ ರಮ್ಯಶ್ರೀ ಈ ಊರನ್ನು ಕಾರ್ಖಾನೆಯ ವ್ಯಾನಿನ ಕಿಟಕಿಯಿಂದಷ್ಟೇ ನೋಡಿದ್ದಳು. ನಾಟಕ ಸೇರಿದ ಮೇಲೆ ಊರು ಕಾಲಿಗೆ ಸಿಕ್ಕಿತು. ಭಾನುವಾರ ತಾಲೀಮು ಮುಗಿದೊಡನೆ ಎಲ್ಲರೂ ಹಿಂಡಾಗಿ ತೇರಿನ ಬೀದಿಯಲ್ಲಿ ನಡೆಯುವರು. ನಡೆಯುತ್ತಲೇ ಒಬ್ಬಳು ದ್ರೌಪದಿಯಾಗಿ ಶಪಿಸಿದರೆ ಇನ್ನೊಬ್ಬಳು ಶಕುನಿಯಾಗಿ ಕುಂಟುವಳು. ಫೋಟೋ ಸ್ಟುಡಿಯೋದವನು ಹೊರಬಂದು ಚಪ್ಪಾಳೆ ತಟ್ಟುವನು. ಬೋರ್ಡು ಬರೆಯುವವನು ಕುಂಚ ಎತ್ತಿ “ಏನ್ ಕೃಷ್ಣಪರಮಾತ್ಮ, ಟೀ ಆಯ್ತಾ?” ಎನ್ನುವನು. ಆ ಒಂದು ಕರೆಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು. ಇಂದೂ ಅವನು ಕುಂಚ ಎತ್ತಿದ. ಅವಳು ಅವನ ಕಣ್ಣನ್ನೇ ದಿಟ್ಟಿಸಿದಳು. ಇವನಿರಬಹುದೇ? ಆ ಸ್ಟುಡಿಯೋದವನೇ? ಎಲ್ಲ ಬಾಗಿಲುಗಳ ಹಿಂದೆಯೂ ಹೆಲ್ಮೆಟ್ ಹಾಕಿಕೊಂಡ ಒಬ್ಬ ನಿಂತಂತೆ ತೋರಿತು.

ಮೇಷ್ಟ್ರ ತಾಲೀಮು ಕೋಣೆ ಹಳೆಯ ಮಗ್ಗದ ಶೆಡ್ಡೊಂದರ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ಮಧ್ಯದಲ್ಲಿ ರಮ್ಯಶ್ರೀಯ ಕಾಲುಗಳು ನಿಂತವು. ಮೇಲೆ ಯಾರೋ ಅವಳ ಹಾಡನ್ನು ಹಾಡುತ್ತಿದ್ದರು. ಕೃಷ್ಣ ರಂಗಕ್ಕೆ ಬರುವಾಗಿನ ಹಾಡು. ಅದರ ಕೊನೆಯ ಸಾಲು ಒಂದೇ ಉಸಿರಿಗೆ ಮೇಲೇರಿ ಅಲ್ಲೇ ನಿಲ್ಲಬೇಕು. ಕೆಳಗಿನ ಮಗ್ಗಗಳ ಗದ್ದಲವನ್ನು ಸೀಳಿಕೊಂಡು ಆ ಸ್ವರ ಮೇಲೇರಿತು, ನಿಂತಿತು, ಅಲುಗಲಿಲ್ಲ.

“ನಿನ್ ಹಾಡೇ ಅಲ್ವೇನೇ ಅದು? ಎಷ್ಟ್ ಚೆನ್ನಾಗೈತೆ!” ಎಂದರು ಲಕ್ಷ್ಮೀದೇವಮ್ಮ, ಏದುಸಿರು ಬಿಡುತ್ತ.

ಕೋಣೆಯಲ್ಲಿ ಸಿಂಚನ ನಿಂತಿದ್ದಳು. ದೇವರ ಪಟದ ಮುಂದೆ ಹಿತ್ತಾಳೆಯ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಸಿದ್ಧವಾಗಿದ್ದವು. ಪಾತ್ರವನ್ನು ವೀಳ್ಯ ಕೊಟ್ಟೇ ಒಪ್ಪಿಸುವುದು ಇಲ್ಲಿನ ಕ್ರಮ. ದೇವರ ಮುಂದೆ ಕೊಟ್ಟ ಪಾತ್ರವನ್ನು ಕೊಟ್ಟ ಮೇಷ್ಟ್ರೂ ಹಿಂದಕ್ಕೆ ಕೇಳುವಂತಿಲ್ಲ. ಸಾವು ಸೂತಕವೇ ಬಿಡಿಸಬೇಕು. ಹೊಸ ವೀಳ್ಯ ಕೈ ಬದಲಾಯಿಸಿದರೆ ಮುಗಿಯಿತು, ಮತ್ತೆ ಅದನ್ನೂ ಹಿಂಪಡೆಯುವಂತಿಲ್ಲ. ರಾಹುಕಾಲ ಕಳೆಯಲೆಂದು ಮೇಷ್ಟ್ರು ಗೋಡೆ ಗಡಿಯಾರ ನೋಡುತ್ತ ಕೂತಿದ್ದರು.

ರಮ್ಯಶ್ರೀ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಸಿಂಚನ ಕೈಯಲ್ಲಿದ್ದ ಕೊಳಲನ್ನು ತಟಕ್ಕನೆ ತಟ್ಟೆಯ ಪಕ್ಕ ಇಟ್ಟಳು, ಬಿಸಿ ತಗುಲಿದವಳಂತೆ.

“ಅಕ್ಕಾ, ಸತ್ಯವಾಗ್ಲೂ ನಂಗೇನೂ ಗೊತ್ತಿಲ್ಲ. ಮೇಷ್ಟ್ರು ಕರೆದ್ರು, ಬಂದೆ ಅಷ್ಟೇ.”

“ನಿನ್ನ ಯಾರೂ ಏನೂ ಅಂದಿಲ್ವಲ್ಲ ಮಗು,” ಎಂದರು ಲಕ್ಷ್ಮೀದೇವಮ್ಮ. ಆದರೆ ಅವರ ಕಣ್ಣು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿತ್ತು.

“ಆಂಜಿನಪ್ಪನೋರು ಚೆನ್ನಾಗವ್ರಾ?” ಎಂದರು ಮೇಷ್ಟ್ರು. ಹಾರ್ಮೋನಿಯಂ ಮೇಲಿದ್ದ ಅವರ ಬೆರಳು ಒಂದು ಸ್ವರವನ್ನು ಸದ್ದಿಲ್ಲದೆ ಒತ್ತಿ ಹಿಡಿದಿತ್ತು. “ಒಳ್ಳೇದಾಯ್ತು. ಆಯಸ್ಸು ಹೆಚ್ತು ಬಿಡಿ.”

“ಪಾತ್ರ, ಮೇಷ್ಟ್ರೇ?”

ಅವರು ತಟ್ಟೆಯನ್ನು ನೋಡಿದರು. ಅನಂತರ ಅವಳನ್ನು. “ನಿನಗ್ ವೀಳ್ಯ ಕೊಟ್ಟಾಗಿದೆಯಲ್ಲಮ್ಮ. ಸೂತಕ ಇಲ್ಲ ಅಂದ್ಮೇಲೆ ನಿಂದೇ.”

“ಯಾರು ಮಾಡಿರ್ಬಹುದು ಇದ್ನ?”

“ಯಾರು ಅಂತ ತಿಳ್ಕೊಂಡು ಏನ್ಮಾಡ್ತೀಯ? ಗಂಟಲು ಒಣಗಿಸ್ಕೋಬೇಡ. ಬಿಸಿಲಲ್ಲಿ ತಿರುಗ್ಬೇಡ. ಮನೇಗೋಗಿ ಮಲಗು.” ಆಮೇಲೆ ಸಿಂಚನಳ ಕಡೆ ತಿರುಗಿ ಗದರಿದರು. “ಏನ್ ನೋಡ್ತಾ ನಿಂತಿದೀಯ ಕತ್ತೆ? ಎರಡನೇ ಸಾಲಿನಲ್ಲಿ ತಾಳ ಎಲ್ಲೋಯ್ತು ನಿಂದು? ಎಮ್ಮೆ ನಡೆದಂಗ್ ಹಾಡ್ತೀಯ.”

ಮೆಟ್ಟಿಲಿಳಿಯುತ್ತ ಲಕ್ಷ್ಮೀದೇವಮ್ಮ, “ಎಷ್ಟ್ ಬೈತಾರಪ್ಪಾ ಆ ಮಗೂನ!” ಎಂದರು. ರಮ್ಯಶ್ರೀ, “ಎಲ್ರನ್ನೂ ಬೈತಾರೆ. ನನ್ನೊಬ್ಬಳನ್ನ ಮಾತ್ರ ಇಲ್ಲ,” ಎಂದಳು. ಆ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಎತ್ತರವಾಯಿತು.

ಅತ್ತೆಯ ಅನುಮಾನ ಕಾಂತರಾಜುವಿನ ಮೇಲಿತ್ತು. ಇಡೀ ತಾಲ್ಲೂಕಿಗೆ ಕೃಷ್ಣನೆಂದರೆ ಅವನೇ ಆಗಿದ್ದ ಕಾಲವೊಂದಿತ್ತು. ಹೊಟ್ಟೆ ಬಂದಿತು, ಹಲ್ಲು ಹೋಯಿತು, ಹೆಂಗಸರ ತಂಡ ಬಂತು. ಈಗ ಅವನು ತೇರಿನ ಬೀದಿಯಲ್ಲಿ ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಇವರು ಹೋದಾಗ ಭೀಮನ ಗದೆಯೊಂದಕ್ಕೆ ಚಿನ್ನದ ಕಾಗದ ಅಂಟಿಸುತ್ತಿದ್ದ.

“ಬಾ ತಾಯಿ, ಬಾ! ಸತ್ತೋರು ಎದ್ದು ಕೂತ್ರಂತೆ?”

“ನಿನಗ್ ಯಾರ್ ಹೇಳಿದ್ದು?” ಲಕ್ಷ್ಮೀದೇವಮ್ಮನ ದನಿ ಹರಿತವಾಯಿತು.

“ಈ ಊರಲ್ಲಿ ನಾಟಕದೋರ ಮನೇಲಿ ಹಾಲು ಉಕ್ಕಿದ್ರೂ ನನ್ ಅಂಗಡಿಗೆ ವಾಸನೆ ಬರ್ತದೆ ಕಣಮ್ಮ. ಸಿಂಚನ ಈಗ ಫೋನ್ ಮಾಡಿದ್ಲು, ಡ್ರೆಸ್ಸಿನ ಅಳತೆ ಬದಲಾಯಿಸ್ಬೇಡ ಅಂತ.”

“ನೀನೇ ಯಾಕ್ ಕಳಿಸಿರ್ಬಾರ್ದು ಆ ಸುದ್ದಿ?”

ಕಾಂತರಾಜು ಗದೆಯನ್ನು ಕೆಳಗಿಟ್ಟ. “ನನಗ್ ಹೊಟ್ಟೆಕಿಚ್ಚಿಲ್ಲ ಅಂತ ಸುಳ್ಳು ಹೇಳಲ್ಲ. ಐತೆ. ಫ್ಲೆಕ್ಸ್ ನೋಡಿದ್ ದಿನ ಊಟ ಸೇರ್ಲಿಲ್ಲ. ಆದ್ರೆ ನಾನು ಸುಳ್ ಸುದ್ದಿ ಕಳಿಸೋದಾಗಿದ್ರೆ ಆ ಪಾಪದ ಮುದುಕಂದ್ಯಾಕೆ ಕಳಿಸ್ಲಿ? ನಿಂದೇ ಕಳಿಸ್ತಿದ್ದೆ!”

“ಥೂ ನಿನ್ನ!” ಎಂದರು ಲಕ್ಷ್ಮೀದೇವಮ್ಮ. ಎಂದರೂ ನಗು ತಡೆಯಲಾಗಲಿಲ್ಲ.

ಅವನು ನಗಲಿಲ್ಲ. ಗೂಟದಿಂದ ಕೃಷ್ಣನ ಕಿರೀಟವನ್ನು ಇಳಿಸಿ, ಅಂಗವಸ್ತ್ರದಿಂದ ಒರೆಸಿ ರಮ್ಯಶ್ರೀಯ ಕಡೆ ಚಾಚಿದ. “ನಿನ್ ಗಂಟಲಿಗ್ ಎಟುಕ್ಲಿ ಅಂತ ಮೇಷ್ಟ್ರು ಶ್ರುತಿ ಇಳಿಸಿದ್ರು, ಗೊತ್ತಾ? ಐವತ್ ವರ್ಷದಲ್ಲಿ ಯಾರಿಗೂ ಇಳಿಸಿಲ್ಲ ಅವರು. ನಾನ್ ಜ್ವರದಲ್ಲಿ ಕೇಳಿದ್ರೂ ಇಳಿಸ್ಲಿಲ್ಲ.”

ಹೊಟ್ಟೆಕಿಚ್ಚಿನ ಮಾತೆಂದು ರಮ್ಯಶ್ರೀ ತಿಳಿದಳು. ಕಿರೀಟದತ್ತ ಕೈ ನೀಡಿದಳು. ಲಕ್ಷ್ಮೀದೇವಮ್ಮ ನಡುವೆ ಬಂದು ಅದನ್ನು ತಮ್ಮ ಸೆರಗಿನಲ್ಲಿ ಹಿಡಿದುಕೊಂಡರು.

“ಇದು ನನ್ ಹತ್ರ ಇರ್ತದೆ,” ಎಂದರು.

ಬಿಸಿಲು ನೆತ್ತಿಗೆ ಬಂದಿತ್ತು. ಹಳೆ ಬಸ್ ನಿಲ್ದಾಣದ ಪಕ್ಕದ ಪಾಪಕ್ಕನ ಟೀ ಅಂಗಡಿಯ ಬೆಂಚುಗಳ ಮೇಲೆ ಯಾರೂ ಇರಲಿಲ್ಲ. ಸಂಜೆ ಹೊತ್ತು ಕಾಲಿಡಲು ಜಾಗವಿಲ್ಲದ ಬೆಂಚುಗಳವು. ತಬಲದವರು, ಕವಿಗಳು, ಬೋರ್ಡು ಬರೆಯುವವರು ಅಲ್ಲೇ ಜಗಳವಾಡಿ ಅಲ್ಲೇ ರಾಜಿಯಾಗುತ್ತಿದ್ದರು. ಪಾಪಕ್ಕ ಒಂದು ಕಾಲದಲ್ಲಿ ದ್ರೌಪದಿಯಾಗಿದ್ದವಳು. ಗಂಡಸರ ನಡುವೆ ಒಬ್ಬಳೇ ಹೆಣ್ಣಾಗಿ ಲಾರಿ ಹತ್ತಿ ಊರೂರು ತಿರುಗಿದ್ದಳು. ಈಗಲೂ ಅವಳು ಟೀ ಸೋಸುವಾಗ ಹುಬ್ಬು ಎತ್ತುವ ರೀತಿ ರಂಗದ ಮೇಲಿನದೇ.

“ಕಾಂತರಾಜು ಮಾಡಲ್ಲ,” ಎಂದಳು ಅವಳು, ಎಲ್ಲ ಕೇಳಿದ ಮೇಲೆ. “ಅಂವ ಬಾಯಲ್ಲಿ ಕಚ್ತಾನೆ, ಬೆನ್ನಿಗ್ ಕೈ ಹಾಕಲ್ಲ. ಸಿಂಚನಾನೂ ಅಲ್ಲ.” ಲೋಟ ಮುಂದಿಟ್ಟು ರಮ್ಯಶ್ರೀಯ ಮುಖ ನೋಡಿದಳು. “ಮೇಷ್ಟ್ರು ನಿನ್ನ ಯಾವತ್ತಾದ್ರೂ ಬೈದವ್ರಾ?”

“ಇಲ್ಲಕ್ಕ. ಒಂದ್ಸಲಾನೂ ಇಲ್ಲ.”

“ಆ ಮೇಲಿನ ಸ್ವರ ಜಾರ್ದಾಗ್ಲೂ?”

“ಜಾರ್ದಾಗ... ಇರ್ಲಿ ಬಿಡಮ್ಮ ಅಂತಾರೆ.”

ಪಾಪಕ್ಕ ಒಲೆಯ ಉರಿಯನ್ನು ಸಣ್ಣದು ಮಾಡಿದಳು. ಮತ್ತೆ ದೊಡ್ಡದು ಮಾಡಿದಳು. “ನನ್ನ ಮೂರ್ ವರ್ಷ ಬೈದ್ರು ಕಣಮ್ಮ. ಒಂದಿನ ಹಾರ್ಮೋನಿಯಂ ಬಿಟ್ಟ್ ಎದ್ದು ಹೊಡ್ಯಕ್ಕೇ ಬಂದಿದ್ರು. ನಾನ್ ಅತ್ಕೊಂಡು ಊರಿಗ್ ಹೊರಟ್ರೆ ಬಸ್ಸಿಗ್ ಅಡ್ಡ ನಿಂತ್ರು. ಕೈಲಾಗೋರ್ನೇ ಕಣೇ ನಾನ್ ಬೈಯೋದು ಅಂದ್ರು.” ಅವಳು ಇನ್ನೇನೋ ಹೇಳಲು ಹೊರಟು ಮಾತು ಬದಲಿಸಿದಳು. “ಹೆಲ್ಮೆಟ್ ಹಾಕಿದ್ದ ಅಂದ್ಯಲ್ಲ. ಕೆಂಪ್ ಬೈಕಾ?”

“ಕತ್ಲಲ್ಲಿ ಕಾಣ್ಲಿಲ್ಲ. ಯಾಕಕ್ಕ?”

“ನಿನ್ನೆ ದೀಪ ಹಚ್ಚೋ ಹೊತ್ನಲ್ಲಿ ಮೈಕ್ ಸೆಟ್ ಗುರು ಬಂದಿದ್ದ. ಲಕ್ಷ್ಮೀದೇವಮ್ಮನೋರ ಮನೆ ಯಾವ್ ಬೀದಿ ಅಂತ ಕೇಳ್ದ. ನಾಟಕದ್ ಕೆಲ್ಸ ಇರ್ಬೇಕು ಅಂತ ಹೇಳ್ದೆ. ಟೀ ಕುಡಿಯೋ ಅಂದ್ರೆ ಬೇಡಕ್ಕ, ಈಗೇನೂ ಕುಡಿಯಂಗಿಲ್ಲ ಅಂದ.”

ಲಕ್ಷ್ಮೀದೇವಮ್ಮ ಲೋಟವನ್ನು ಮುಟ್ಟದೆ ಎದ್ದರು.

ಗುರುವಿನ ಅಂಗಡಿಗೆ ಬೀಗ ಬಿದ್ದಿತ್ತು. ಊರಿನ ಮದುವೆಗೂ ರಾಜಕೀಯ ಸಭೆಗೂ ನಾಟಕಕ್ಕೂ ಧ್ವನಿವರ್ಧಕ ಕಟ್ಟುವವನು ಅವನು. ಪಕ್ಕದ ಅಂಗಡಿಯವನು, “ಜನರೇಟರ್ ಕೆಟ್ಟೋಯ್ತು ಅಂತ ಇನ್ನೊಂದ್ ತರಕ್ಕೆ ನೆಲಮಂಗಲಕ್ಕೆ ಹೋದ,” ಎಂದ. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರೆ ಅವನು ಕತ್ತರಿಸಿದ. ಅದಾದ ಮೇಲೆ ರಿಂಗೇ ಆಗಲಿಲ್ಲ. ಅವರು ಆ ಮುಚ್ಚಿದ ಶಟರಿನ ಮುಂದೆ ಮಧ್ಯಾಹ್ನವಿಡೀ ಕೂತರು. ಅತ್ತೆಯ ಮಡಿಲಲ್ಲಿ ಕಿರೀಟ ಹೊಳೆಯುತ್ತಿತ್ತು. ದಾರಿಹೋಕರು ನಿಂತು ನೋಡಿ ಮುಂದೆ ಹೋಗುತ್ತಿದ್ದರು.

ನೆರಳು ಉದ್ದವಾದಾಗ ರಮ್ಯಶ್ರೀ ಎದ್ದಳು. “ಅತ್ತೆ, ಬಣ್ಣ ಹಚ್ಚಕ್ಕೇ ಎರಡ್ ಗಂಟೆ ಬೇಕು.”

ಲಕ್ಷ್ಮೀದೇವಮ್ಮ ಕಿರೀಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. “ಬಣ್ಣ ಹಚ್ಕೋ. ಅಂವ ಅಲ್ಲಿಗ್ ಬಂದೇ ಬರ್ಬೇಕಲ್ಲ. ಅಂವನ ಬಾಯಿಂದ ಹೆಸರು ಬರೋಗಂಟ ಇದು ಮಾತ್ರ ನಿನ್ ತಲೆ ಮೇಲ್ ಬರಲ್ಲ.”

ಮೈದಾನದಲ್ಲಿ ಕುರ್ಚಿಗಳು ತುಂಬುತ್ತಿದ್ದವು. ವೇದಿಕೆಯ ಹಿಂದೆ ತಗಡು ಮರೆಮಾಡಿದ ಬಣ್ಣದ ಮನೆಯಲ್ಲಿ ಹೆಂಗಸರು ಒಬ್ಬರಿಗೊಬ್ಬರು ಮೀಸೆ ಅಂಟಿಸಿಕೊಂಡು ನಗುತ್ತಿದ್ದರು. ದುರ್ಯೋಧನ ಮಗುವಿಗೆ ಹಾಲೂಡಿಸುತ್ತಿದ್ದ. ರಮ್ಯಶ್ರೀಯ ಮುಖ ಕಿವಿಯವರೆಗೂ ನೀಲಿಯಾಯಿತು. ಸಿಂಚನ ಬಂದು ಅವಳ ಭುಜಕೀರ್ತಿಗಳ ದಾರ ಬಿಗಿದಳು.

“ಅಕ್ಕಾ, ಒಂದ್ ಹೇಳ್ಲಾ? ಕೊನೆ ಸಾಲಿಗ್ ಮೊದ್ಲೇ ಉಸಿರು ತಗೊಂಡ್ಬಿಡಿ. ಸಾಲಿನ್ ಮಧ್ಯ ತಗೊಂಡ್ರೆ ಮೇಲಿನ್ ಸ್ವರ ಕೈ ಕೊಡುತ್ತೆ.”

“ಮೇಷ್ಟ್ರು ನಂಗೆ ಹಂಗ್ ಯಾವತ್ತೂ ಹೇಳಿಲ್ವಲ್ಲ.”

“ಹೌದಾ?” ಸಿಂಚನಳ ಬೆರಳು ದಾರದ ಮೇಲೆ ನಿಂತಿತು. “ನಂಗ್ ದಿನಾ ಹೇಳ್ತಾರೆ. ಕಿವಿ ಹಿಂಡಿ ಹೇಳ್ತಾರೆ.”

ಹುಡುಗಿಯ ಮುಖದಲ್ಲಿ ಕಪಟವನ್ನು ಹುಡುಕಿ ರಮ್ಯಶ್ರೀ ಸೋತಳು. ಹೊರಗೆ ನಾಂದಿ ಶುರುವಾಯಿತು. ಮೊದಲ ದೃಶ್ಯ ಶುರುವಾಯಿತು. ಪರದೆಯ ಸಂದಿನಿಂದ ಮುಂದಿನ ಸಾಲು ಕಾಣುತ್ತಿತ್ತು: ಬಿಳಿ ಪಂಚೆಯ, ಬಿಳಿ ಮೀಸೆಯ ಹಳೆಯ ಭೀಮರು, ಹಳೆಯ ದುರ್ಯೋಧನರು. ಅವರ ನಡುವೆ ಕಾಂತರಾಜು. ಅವರೆಲ್ಲರ ಕಣ್ಣೂ ವೇದಿಕೆಯ ಬುಡದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಹಾರ್ಮೋನಿಯಂ ಮುಂದೆ ಕೂತಿದ್ದ ಮೇಷ್ಟ್ರ ಮೇಲಿತ್ತು.

ಲಕ್ಷ್ಮೀದೇವಮ್ಮ ಕಾಣಲಿಲ್ಲ. ಕಿರೀಟವೂ ಕಾಣಲಿಲ್ಲ. ಕೌರವರ ಸಭೆಯ ಪರದೆ ಇಳಿಯುತ್ತಿದ್ದಂತೆ ಸಿಂಚನ ಪುಸ್ತಕ ಎದೆಗೊತ್ತಿಕೊಂಡು ಓಡಿಬಂದಳು. “ಅಕ್ಕಾ, ರೆಡೀನಾ? ನಿಮ್ ಪ್ರವೇಶ! ಕಿರೀಟ ಎಲ್ಲಿ?”

ಆಗ ತಗಡಿನ ಮರೆಯಿಂದ ಲಕ್ಷ್ಮೀದೇವಮ್ಮ ಬಂದರು. ಒಂದು ಕೈಯಲ್ಲಿ ಕಿರೀಟವಿತ್ತು. ಇನ್ನೊಂದು ಕೈ ಗುರುವಿನ ಅಂಗಿಯ ಕಾಲರನ್ನು ಹಿಡಿದಿತ್ತು. ಅವನ ಕೈಗಳಿಗೆ ಜನರೇಟರಿನ ಎಣ್ಣೆ ಮೆತ್ತಿತ್ತು. ಕುತ್ತಿಗೆಗೆ ವೈರಿನ ಸುರುಳಿ ಜೋತುಬಿದ್ದಿತ್ತು.

“ಹೇಳು,” ಎಂದರು ಅವರು. “ಇವಳ್ ಮುಂದೆ ಹೇಳು.”

“ಅಕ್ಕಾ, ನಮ್ಮವ್ವನಾಣೆ, ನಂಗ್ ಬೇರೇನೂ ಗೊತ್ತಿಲ್ಲ.” ಗುರು ಬೆವರುತ್ತಿದ್ದ. “ಆವತಿಯೋರಿಗೆ ಕಾಗೆ ಮುಟ್ಟೈತೆ, ನೆಂಟ್ರ ಮನೇಗೆ ಸುದ್ದಿ ಹೇಳ್ಬೇಕು, ಮನೆಯೋರು ಹೇಳಂಗಿಲ್ಲ, ಹೊರಗಿನೋರೇ ಹೇಳ್ಬೇಕು ಅಂದ್ರು. ಪುಣ್ಯದ್ ಕೆಲ್ಸ ಅಂದ್ರು. ಹೆಲ್ಮೆಟ್ ತೆಗೀಬೇಡ, ನಿಲ್ಬೇಡ, ಹೇಳಿ ಬಂದ್ಬುಡು ಅಂದ್ರು. ಬೆಳಗ್ಗೆ ಎಲ್ಲಾ ಸರಿ ಹೋಗ್ತದೆ ಅಂದ್ರು.”

“ಫೋನ್ ಯಾಕ್ ಕಟ್ ಮಾಡ್ದೆ ಹಂಗಾದ್ರೆ?”

“ಬೆಳಗ್ಗೆ ಯಾರೂ ನಿಜ ತಿಳಿಸ್ಲಿಲ್ಲ, ನೀವ್ ನೀವೇ ಆವತಿಗ್ ಹೋಗಿ ಬಂದ್ರಿ ಅಂತ ಮಧ್ಯಾಹ್ನ ಗೊತ್ತಾಯ್ತು. ಕಾಗೆ ವಿಚಾರ ಸುಳ್ಳು ಅಂತ ಆವಾಗ್ಲೇ ತಿಳೀತು ನಂಗೂ. ಭಯ ಆಯ್ತು ಅಕ್ಕಾ.”

ವೇದಿಕೆಯ ಬುಡದಿಂದ ಹಾರ್ಮೋನಿಯಂ ಕೃಷ್ಣನ ಪ್ರವೇಶದ ಶ್ರುತಿ ಹಿಡಿಯಿತು. ತಬಲ ಸೇರಿಕೊಂಡಿತು. ಜನ ಸದ್ದು ನಿಲ್ಲಿಸಿದರು. ಸಿಂಚನ ಪರದೆಯ ಹಗ್ಗ ಹಿಡಿದು, ಬೇಗ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಲಕ್ಷ್ಮೀದೇವಮ್ಮ ಗುರುವಿನ ಕಾಲರು ಬಿಟ್ಟು, ಎರಡೂ ಕೈಗಳಿಂದ ಕಿರೀಟವನ್ನು ಸೊಸೆಯ ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಇಳಿಸಲಿಲ್ಲ.

“ಯಾರು ಅಂದಿದ್ದು ಗುರು?” ಎಂದಳು ರಮ್ಯಶ್ರೀ. ಅವಳ ದನಿ ಪಿಸುಮಾತಾಗಿತ್ತು. “ಹೆಸರು ಹೇಳು. ನಾನು ಒಳಗ್ ಹೋಗ್ಬೇಕು.”

ಹಾರ್ಮೋನಿಯಂ ಶ್ರುತಿ ಕೊಟ್ಟು ಕಾಯಿತು. ಯಾರೂ ಬರಲಿಲ್ಲವೆಂದು ಮತ್ತೊಮ್ಮೆ ಕೊಟ್ಟು ಕಾಯಿತು. ಗುರು ತಲೆಯೆತ್ತದೆ, ತನ್ನ ಎಣ್ಣೆಗೈಗಳನ್ನು ನೋಡಿಕೊಳ್ಳುತ್ತ ಹೇಳಿದ:

“ಮುನಿವೆಂಕಟಪ್ಪ ಮೇಷ್ಟ್ರು.”